ಎರಡನೆಯವನ ಮೇಲೆ ಕಣ್ಣು: ಸ್ಪ್ರೆಡ್ ಆಟವನ್ನು ತಡೆಯಲು ನಾವು ಕಲಿತ ಬಗೆ

ಟೆಕ್ಸಾಸಿನ ಡಲ್ಲಾಸ್ ನಗರದ ಹೊರವಲಯದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ತರಗತಿಗಳು ಮುಗಿದ ಮೇಲೆ ಅದೇ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ಹಿಂಬದಿಯ ರಕ್ಷಕರಿಗೆ, ಅಂದರೆ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳಿಗೆ, ತರಬೇತಿ ಕೊಡುತ್ತೇನೆ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಬಡ್ಡಿ ಆಡಿ ಬೆಳೆದ ನನಗೆ ಈ ಆಟದ ಪರಿಚಯವಾದದ್ದು ಮೂವತ್ತು ದಾಟಿದ ಮೇಲೆ. ಮೊದಲೆರಡು ವರ್ಷ ವಿಡಿಯೊ ನೋಡಿ ಎದುರಾಳಿಗಳ ಆಟದ ಲೆಕ್ಕ ಬರೆದುಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಮೂರನೆಯ ವರ್ಷ ರಕ್ಷಣೆಯ ಹೊಣೆಯಲ್ಲಿ ಒಂದು ಪಾಲು ನನ್ನ ಹೆಗಲಿಗೆ ಬಂತು. ಸ್ಪ್ರೆಡ್ ಎಂಬ ಆಕ್ರಮಣ ಎಂಥದೆಂದು ನನಗೆ ನಿಜವಾಗಿ ಅರ್ಥವಾದದ್ದು ಆ ವರ್ಷ.

ಈ ಆಟದ ಮೈದಾನದ ಅಗಲ 160 ಅಡಿ, ಅಂದರೆ 53 ಗಜಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಪದ್ಧತಿಯ ಆಕ್ರಮಣ ಚೆಂಡಿನ ಸುತ್ತ ಗುಂಪಾಗಿ ನಿಲ್ಲುತ್ತಿತ್ತು, ರಕ್ಷಕರೂ ಅಲ್ಲೇ ಗುಂಪಾಗುತ್ತಿದ್ದರು. ಸ್ಪ್ರೆಡ್ ಪದ್ಧತಿಯಲ್ಲಿ ಎಸೆದ ಚೆಂಡನ್ನು ಹಿಡಿಯುವ ನಾಲ್ಕು, ಕೆಲವೊಮ್ಮೆ ಐದು ರಿಸೀವರ್‌ಗಳು ಆ ಅಗಲದುದ್ದಕ್ಕೂ ಹರಡಿ ನಿಲ್ಲುತ್ತಾರೆ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಂತು ಚೆಂಡನ್ನು ಪಡೆಯುತ್ತಾನೆ. ರಕ್ಷಣೆಯ ಹನ್ನೊಂದು ಜನ ಅವರನ್ನು ಹಿಂಬಾಲಿಸಿ ಹರಡಿಕೊಂಡರೆ ನಡುವೆ ಓಡಲು ದಾರಿ ಬಿಟ್ಟುಕೊಟ್ಟಂತೆ, ಹರಡದಿದ್ದರೆ ಅಂಚಿನಲ್ಲಿ ಪಾಸಿಗೆ ಜಾಗ ಬಿಟ್ಟುಕೊಟ್ಟಂತೆ. ತರಬೇತುದಾರರಾದ ಹ್ಯಾಲ್ ಮಮ್ಮಿ ಮತ್ತು ಮೈಕ್ ಲೀಚ್ 1989ರಲ್ಲಿ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಜೊತೆಗೂಡಿ ಬೆಳೆಸಿದ ಏರ್ ರೇಡ್ ಎಂಬ ಪಾಸಿಂಗ್ ಪದ್ಧತಿಯನ್ನು ಲೀಚ್ 2000ದಿಂದ 2009ರವರೆಗೆ ಟೆಕ್ಸಾಸ್ ಟೆಕ್‌ನಲ್ಲಿ ಆಡಿಸಿದರು. ಇಂದು ನಮ್ಮ ಸುತ್ತಲಿನ ಶಾಲೆಗಳಲ್ಲಿ ಅದರ ಯಾವುದಾದರೊಂದು ರೂಪವನ್ನು ಆಡದ ತಂಡ ಸಿಗುವುದು ಅಪರೂಪ. ಆ ಪದ್ಧತಿಯ ಆಟಗಳ ಸಂಖ್ಯೆ ತೀರ ಕಡಿಮೆ. ಕೆಲವೇ ಆಟಗಳನ್ನು ನಿದ್ದೆಯಲ್ಲೂ ತಪ್ಪದಂತೆ ಅಭ್ಯಾಸ ಮಾಡಿಸುವುದೇ ಅದರ ಬಲ. ಅದನ್ನು ತಡೆಯಬೇಕಾದವನೂ ಅಷ್ಟೇ ಕಡಿಮೆ ಸಂಗತಿಗಳನ್ನು ಅಷ್ಟೇ ಗಟ್ಟಿಯಾಗಿ ಕಲಿಸಬೇಕೆಂಬುದು ನನಗೆ ತಡವಾಗಿ ಹೊಳೆಯಿತು.

ಹೊಣೆ ಹೊತ್ತ ಆ ಮೊದಲ ವರ್ಷ ನಾವು ಮೂರು ಭಾಗದ ಝೋನ್, ಅಂದರೆ ಆಟಗಾರನ ಬದಲು ಜಾಗವನ್ನು ಕಾಯುವ ರಕ್ಷಣೆ, ಆಡುತ್ತಿದ್ದೆವು. ಹಿಂದಿನ ಜಾಗವನ್ನು ಮೂರು ಪಾಲು ಮಾಡಿ, ಎರಡು ಬದಿಗೆ ಇಬ್ಬರು ಕಾರ್ನರ್‌ಗಳನ್ನು, ನಡುವೆ ಒಬ್ಬ ಸೇಫ್ಟಿಯನ್ನು ನಿಲ್ಲಿಸುವುದು ಅದರ ಕ್ರಮ. ಋತುವಿನ ಮೂರನೆಯ ಶುಕ್ರವಾರ ಎದುರಾದ ತಂಡ ನಾಲ್ಕು ರಿಸೀವರ್‌ಗಳನ್ನು ಹರಡಿ ನಾಲ್ವರನ್ನೂ ನೇರ ಓಡಿಸಿತು. ಮೂವರು ಕಾಯುವ ಜಾಗಕ್ಕೆ ನಾಲ್ವರು ಬಂದರೆ ಏನಾಗಬೇಕೋ ಅದೇ ಆಯಿತು. ಕ್ವಾರ್ಟರ್‌ಬ್ಯಾಕ್ ಎಡಕ್ಕೆ ನೋಡಿದಾಗ ನಡುವಿನ ಸೇಫ್ಟಿ ಎಡಕ್ಕೆ ಜರುಗಿದ, ಚೆಂಡು ಬಲಗಡೆಯ ಒಳಗಿನ ರಿಸೀವರ್‌ನ ಕೈ ಸೇರಿತು. ವಿರಾಮದ ನಂತರ ನಾವು ಬ್ಲಿಟ್ಜ್‌ಗೆ ಇಳಿದು ಆರು ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ಬಿಟ್ಟೆವು. ಆ ಹುಡುಗ ಸ್ನ್ಯಾಪ್ ಆದೊಡನೆ, ಅಂದರೆ ಚೆಂಡು ತನ್ನ ಕೈಗೆ ಬಂದೊಡನೆ, ಎರಡು ಹೆಜ್ಜೆಯಲ್ಲಿ ಚೆಂಡನ್ನು ಪಕ್ಕಕ್ಕೆ ಎಸೆಯುತ್ತಿದ್ದ. ನಮ್ಮ ಆರು ಜನ ಅವನ ಬಳಿ ಬರುವ ಹೊತ್ತಿಗೆ ಚೆಂಡು ಹನ್ನೆರಡು ಗಜ ಮುಂದೆ ಇರುತ್ತಿತ್ತು, ಅದನ್ನು ಹಿಡಿದವನ ಹಿಂದೆ ನಮ್ಮವರು ಯಾರೂ ಇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಿಡಿಯೊವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಹುಡುಗರು ನಿಧಾನವಾಗಿರಲಿಲ್ಲ. ಅವರೆಲ್ಲರೂ ಕ್ವಾರ್ಟರ್‌ಬ್ಯಾಕ್‌ನನ್ನು ನೋಡುತ್ತಿದ್ದರು, ಅವನು ಅವರನ್ನು ತನ್ನ ಕಣ್ಣಿನಿಂದ ಆಡಿಸುತ್ತಿದ್ದ.

ಫೋರ್ಟ್ ವರ್ತ್ ನಮಗೆ ಹತ್ತಿರದ ಊರು. ಅಲ್ಲಿನ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಪ್ಯಾಟರ್‌ಸನ್ ಅನೇಕ ವರ್ಷ ಆಡಿಸಿದ 4-2-5 ರಕ್ಷಣೆಯನ್ನು ಈ ಭಾಗದ ತರಬೇತುದಾರರೆಲ್ಲ ಅಭ್ಯಾಸ ಮಾಡಿದ್ದಾರೆ. ಅವರ ತಂಡ 2010ರ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ, 2011ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ವಿಸ್ಕಾನ್ಸಿನ್ ತಂಡವನ್ನು 21-19ರಿಂದ ಮಣಿಸಿತು. ನಾಲ್ಕು ಮುಂಚೂಣಿ ಆಟಗಾರರು, ಅವರ ಬೆನ್ನಿಗೆ ಇಬ್ಬರು ಲೈನ್‌ಬ್ಯಾಕರ್‌ಗಳು, ಹಿಂದೆ ಐವರು ವೇಗದ ರಕ್ಷಕರು ಎಂಬುದು ಅದರ ಲೆಕ್ಕ. ಆದರೆ ನನ್ನನ್ನು ಸೆಳೆದದ್ದು ಆ ಲೆಕ್ಕಕ್ಕಿಂತ ಮೈದಾನವನ್ನು ನಡುವೆ ಸೀಳಿ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಬೇರೆ ರಕ್ಷಣೆಗಳನ್ನು ಆಡಿಸುವ ಕ್ರಮ. ಇಡೀ ಹನ್ನೊಂದು ಜನರಿಗೆ ಒಂದೇ ಆದೇಶ ಕೊಡುವ ಬದಲು ಒಂದೊಂದು ಬದಿಯ ಮೂವರು ತಮ್ಮೆದುರಿನ ಇಬ್ಬರ ಲೆಕ್ಕ ನೋಡಿಕೊಂಡರೆ ಸಾಕು ಎನ್ನುವುದು ಹದಿನಾರರ ಹುಡುಗರ ತಲೆಗೆ ಹಿಡಿಸುವ ಮಾತು.

ನಾವು ಹಾಕಿಕೊಂಡ ನಿಯಮ ಹೀಗಿತ್ತು. ಅಂಚಿನಿಂದ ಒಳಕ್ಕೆ ರಿಸೀವರ್‌ಗಳನ್ನು ಒಂದು, ಎರಡು ಎಂದು ಎಣಿಸಬೇಕು. ಸೇಫ್ಟಿ ಹತ್ತು ಗಜ ಹಿಂದೆ ನಿಂತು ಎರಡನೆಯವನನ್ನು ಮಾತ್ರ ನೋಡಬೇಕು. ಆ ಎರಡನೆಯವನು ನೇರ ಮುಂದೆ ಓಡಿದರೆ ಅವನು ಸೇಫ್ಟಿಯ ಪಾಲು, ಒಂದನೆಯವನು ನೇರ ಓಡಿದರೆ ಕಾರ್ನರ್‌ನ ಪಾಲು. ಎರಡನೆಯವನು ತಕ್ಷಣ ಹೊರಕ್ಕೆ ತಿರುಗಿದರೆ ನಿಕ್ಕಲ್ ಎಂದು ಕರೆಯುವ ಐದನೆಯ ಹಿಂಬದಿ ರಕ್ಷಕ ಅವನನ್ನು ಹಿಡಿಯುತ್ತಾನೆ, ಆಗ ಬಿಡುವಾದ ಸೇಫ್ಟಿ ಒಂದನೆಯವನ ಒಳಬದಿಗೆ ಸರಿದು ಕಾರ್ನರ್‌ಗೆ ನೆರವಾಗುತ್ತಾನೆ. ಎರಡನೆಯವನು ಒಳಕ್ಕೆ ತಿರುಗಿದರೆ ಸೇಫ್ಟಿ "ಇನ್" ಎಂದು ಕೂಗಿ ಅವನನ್ನು ಲೈನ್‌ಬ್ಯಾಕರ್‌ಗೆ ಒಪ್ಪಿಸಬೇಕು. ನಾಲ್ವರೂ ನೇರ ಓಡಿದರೆ ಈಗ ಹಿಂದೆ ನಾಲ್ವರು ಇದ್ದಾರೆ. ಹೆಸರಿಗೆ ಇದು ಕ್ವಾರ್ಟರ್ಸ್ ಎಂಬ ಝೋನ್, ಆದರೆ ರಿಸೀವರ್ ಮೂರು ಹೆಜ್ಜೆ ಇಟ್ಟ ಮೇಲೆ ಇದು ಒಬ್ಬನಿಗೆ ಒಬ್ಬ ಅಂಟಿಕೊಳ್ಳುವ ಆಟವಾಗುತ್ತದೆ. ತರಬೇತುದಾರ ನಿಕ್ ಸೇಬನ್ 1990ರ ದಶಕದ ಮೊದಲಲ್ಲಿ ಬಿಲ್ ಬೆಲಿಚಿಕ್ ಅವರೊಡನೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿದ್ದಾಗ ಮೂರು ಭಾಗದ ಝೋನಿಗೂ ಇಂಥದೇ ಹೊಂದಾಣಿಕೆಯ ನಿಯಮಗಳನ್ನು ಜೋಡಿಸಿದ್ದರೆಂದು ತಿಳಿದಾಗ, ನಮ್ಮ ಹಳೆಯ ತಪ್ಪು ಝೋನ್ ಆಡಿದ್ದರಲ್ಲಿ ಇರಲಿಲ್ಲ, ಜಾಗವನ್ನು ಕಾಯುತ್ತ ಮನುಷ್ಯನನ್ನು ಮರೆತದ್ದರಲ್ಲಿ ಇತ್ತು ಎಂದು ಮನವರಿಕೆಯಾಯಿತು.

ನಿಯಮವನ್ನು ಬಿಳಿ ಹಲಗೆಯ ಮೇಲೆ ಬರೆಯುವುದು ಸುಲಭ. ಕಣ್ಣಿನ ಚಟವನ್ನು ಬಿಡಿಸುವುದು ಬಹಳ ಕಷ್ಟ. ಚೆಂಡು ಎಲ್ಲಿದೆಯೋ ಅಲ್ಲಿಗೆ ನೋಟ ಹೋಗುವುದು ಮನುಷ್ಯ ಸಹಜ ಸ್ವಭಾವ. ನಾನು ಎಷ್ಟು ಹೇಳಿದರೂ ನಮ್ಮ ಇಬ್ಬರು ಸೇಫ್ಟಿಗಳ ಹೆಲ್ಮೆಟ್ಟು ಸ್ನ್ಯಾಪ್ ಆದ ಕೂಡಲೇ ಕ್ವಾರ್ಟರ್‌ಬ್ಯಾಕ್ ಕಡೆ ತಿರುಗುತ್ತಿತ್ತು. ಕೊನೆಗೆ ಉಪಕರಣಗಳ ಕೋಣೆಯಿಂದ ಒಂದು ನೀಲಿ ಟಾರ್ಪಾಲು ತಂದು, ಇಬ್ಬರು ಹುಡುಗರ ಕೈಯಲ್ಲಿ ಅದರ ಎರಡು ತುದಿ ಕೊಟ್ಟು, ಕ್ವಾರ್ಟರ್‌ಬ್ಯಾಕ್‌ನ ಎದುರು ಪರದೆಯಂತೆ ಹಿಡಿಸಿದೆ. ಸೇಫ್ಟಿಗೆ ಈಗ ಕಾಣುವುದು ಟಾರ್ಪಾಲಿನ ಹೊರಗೆ ನಿಂತ ರಿಸೀವರ್‌ಗಳು ಮಾತ್ರ. ಎರಡನೆಯವನ ಮೂರನೆಯ ಹೆಜ್ಜೆ ನೆಲಕ್ಕೆ ಬೀಳುವಷ್ಟರಲ್ಲಿ "ಅಪ್", "ಔಟ್", "ಇನ್" ಎಂಬ ಮೂರರಲ್ಲಿ ಒಂದನ್ನು ಅವನು ಕೂಗಬೇಕು. ಮೊದಲ ದಿನ ಕೂಗುಗಳು ತಡವಾಗಿ ಬಂದವು, ಕೆಲವು ಬರಲೇ ಇಲ್ಲ. ಒಂಬತ್ತನೆಯ ದಿನ ಟಾರ್ಪಾಲು ತೆಗೆದೆ. ನಮ್ಮ ಎಡ ಸೇಫ್ಟಿ, ತೆಳ್ಳಗಿನ, ಮಾತು ಕಡಿಮೆಯ ಹುಡುಗ, ಕ್ವಾರ್ಟರ್‌ಬ್ಯಾಕ್ ತೋಳೆತ್ತಿ ಎಸೆಯುವಂತೆ ನಟಿಸಿದರೂ ತಲೆ ತಿರುಗಿಸದೆ "ಅಪ್" ಎಂದು ಕೂಗಿ ತನ್ನವನ ಹಿಂದೆ ಓಡಿದ. ಆ ಕೂಗನ್ನು ಕೇಳಿದಾಗ ಆದ ಸಂತೋಷ ಯಾವ ಗೆಲುವಿನಲ್ಲೂ ನನಗೆ ಆಗಿಲ್ಲ.

ಇದೇ ನಿಯಮ ಓಟವನ್ನೂ ತಡೆಯುತ್ತದೆ. ಎರಡನೆಯವನು ಯಾರನ್ನಾದರೂ ತಡೆಯಲು ಬಂದರೆ ಅದು ಬಹುಪಾಲು ಓಟ ಅಥವಾ ಅಂಚಿನಲ್ಲಿ ತಡೆಯುವವರ ಮರೆಗೆ ಎಸೆಯುವ ಸ್ಕ್ರೀನ್ ಎಂಬ ಸಣ್ಣ ಪಾಸು, ಸೇಫ್ಟಿ ಮುಂದೆ ನುಗ್ಗಬೇಕು. ಇದರಿಂದ ಚೆಂಡಿನ ಬಳಿ ಆರೇ ಜನ ಇದ್ದರೂ ಏಳನೆಯವನು ಬಂದು ಸೇರುತ್ತಾನೆ. ಒಂದು ಪಂದ್ಯದಲ್ಲಿ ಎದುರಾಳಿ ಹುಡುಗ ತಡೆಯುವಂತೆ ನಟಿಸಿ, ನಮ್ಮ ಸೇಫ್ಟಿ ಮುಂದೆ ಬಂದೊಡನೆ ಅವನನ್ನು ದಾಟಿ ಓಡಿ ಟಚ್‌ಡೌನ್ ಮಾಡಿದ. ಅಂದಿನಿಂದ ನಾನು ಹೇಳುವ ಮಾತು ಒಂದೇ: ಎರಡನೆಯವನ ಕೈ ನಮ್ಮವನ ಅಂಗಿಯನ್ನು ಮುಟ್ಟಿದ್ದನ್ನು ಕಂಡ ಮೇಲೆ ಕಾಲು ಮುಂದಿಡು. ಓಟ ಮತ್ತು ಪಾಸು ಎರಡನ್ನೂ ಒಂದೇ ಆಟದಲ್ಲಿ ಬೆಸೆದು ಕೊನೆಯ ಗಳಿಗೆಯಲ್ಲಿ ಆಯ್ದುಕೊಳ್ಳುವ ತಂಡಗಳ ವಿರುದ್ಧ ಇದು ಇನ್ನೂ ಮುಖ್ಯ. ಟೆಕ್ಸಾಸಿನ ಶಾಲೆಗಳು ಕಾಲೇಜಿನ ನಿಯಮಗಳ ಪ್ರಕಾರ ಆಡುವುದರಿಂದ ಪಾಸಿನ ಆಟದಲ್ಲೂ ಆಕ್ರಮಣದ ಮುಂಚೂಣಿಯವರು ಮೂರು ಗಜ ಮುಂದೆ ಬರಬಹುದು, ಅವರ ಚಲನೆ ನೋಡಿ ಇದು ಓಟವೆಂದು ತೀರ್ಮಾನಿಸುವವನು ಮೋಸ ಹೋಗುತ್ತಾನೆ. ಆದ್ದರಿಂದ ನಿಕ್ಕಲ್‌ಗೆ ಓಟದ ಚಿಂತೆಯನ್ನೇ ಬಿಡಿಸಿ, ಅವನು ಎರಡನೆಯವನ ಬಳಿಯೇ ಇರಲಿ, ಓಟಕ್ಕೆ ಸೇಫ್ಟಿ ಬರಲಿ ಎಂದು ಹೊಣೆಯನ್ನು ಹಂಚಿದೆವು.

ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡವೇ ಬೇಡವೆಂದು ಇದರ ಅರ್ಥವಲ್ಲ. ನಾವು ನಾಲ್ವರನ್ನೇ ಕಳಿಸುತ್ತೇವೆ, ಆದರೆ ಯಾವ ನಾಲ್ವರು ಎಂಬುದನ್ನು ಬಚ್ಚಿಡುತ್ತೇವೆ. ಒಂದು ಬದಿಯಿಂದ ನಿಕ್ಕಲ್ ನುಗ್ಗುತ್ತಾನೆ, ಇನ್ನೊಂದು ಬದಿಯ ಮುಂಚೂಣಿಯ ದೊಡ್ಡ ಹುಡುಗ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಾನೆ. ತರಬೇತುದಾರ ಡಿಕ್ ಲಬೋ 1980ರ ದಶಕದಲ್ಲಿ ಸಿನ್ಸಿನಾಟಿಯಲ್ಲಿ ಬೆಳೆಸಿದ ಝೋನ್ ಬ್ಲಿಟ್ಜ್‌ನ ತಿರುಳು ಇದು. ಬ್ಲಿಟ್ಜ್ ಕಂಡ ಕ್ವಾರ್ಟರ್‌ಬ್ಯಾಕ್ ಅಭ್ಯಾಸಬಲದಿಂದ ಓರೆಯಾಗಿ ಒಳಬರುವ ರಿಸೀವರ್‌ಗೆ ಚೆಂಡೆಸೆಯುತ್ತಾನೆ, ಆ ದಾರಿಯಲ್ಲಿ ಈಗ ಆ ದೊಡ್ಡ ಹುಡುಗ ನಿಂತಿರುತ್ತಾನೆ. ಮುಂಚೂಣಿಯ ತುದಿಯಲ್ಲಿ ನಿಲ್ಲುವ ನಮ್ಮ ಒಬ್ಬ ಡಿಫೆನ್ಸಿವ್ ಎಂಡ್ ಹೀಗೆ ಹಿಂದಕ್ಕೆ ಸರಿದಾಗ ಚೆಂಡು ನೇರ ಅವನ ಎದೆಗೆ ಬಂದು ಬಿತ್ತು. ಅದನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಅವನು ನೆಲಕ್ಕೆ ಕುಳಿತ ದೃಶ್ಯ ಇಂದಿಗೂ ಕಣ್ಣ ಮುಂದಿದೆ.

ಎಷ್ಟು ಚೆನ್ನಾಗಿ ನಿಂತರೂ ಸಣ್ಣ ಪಾಸುಗಳು ಕೈ ಸೇರಿಯೇ ಸೇರುತ್ತವೆ. ಸ್ಪ್ರೆಡ್ ಆಟ ಬಯಸುವುದು ತೆರೆದ ಜಾಗದಲ್ಲಿ ಒಬ್ಬನಿಗೆ ಒಬ್ಬ ಎದುರಾಗುವುದನ್ನು. ಅಲ್ಲಿ ನಮ್ಮವನು ತಪ್ಪಿದರೆ ಐದು ಗಜದ ಪಾಸು ಐವತ್ತು ಗಜವಾಗುತ್ತದೆ. ಇಲ್ಲಿ ನನ್ನ ಕಬಡ್ಡಿ ಉಪಯೋಗಕ್ಕೆ ಬಂತು. ಕಬಡ್ಡಿಯ ಒಳ್ಳೆಯ ಕಾರ್ನರ್ ಆಟಗಾರ ರೈಡರ್‌ನ ಮೇಲೆ ದೂರದಿಂದ ಹಾರುವುದಿಲ್ಲ. ಅವನ ಭಾರ ಒಂದು ಕಾಲಿನ ಮೇಲೆ ಬೀಳುವವರೆಗೆ ಸಣ್ಣ ಹೆಜ್ಜೆಗಳಲ್ಲಿ ಕಾಯುತ್ತಾನೆ, ಬಿದ್ದ ಕ್ಷಣ ಕಾಲು ಹಿಡಿಯುತ್ತಾನೆ, ಅಷ್ಟರಲ್ಲಿ ಜೊತೆಯವರು ಬಂದು ಮುತ್ತುತ್ತಾರೆ. ನಾನು ಹುಡುಗರಿಗೆ ಐದು ಗಜ ದೂರದಲ್ಲಿ ವೇಗ ತಗ್ಗಿಸಿ, ರಿಸೀವರ್‌ನ ಎದೆ ಬಿಟ್ಟು ಸೊಂಟ ನೋಡಿ, ಹತ್ತಿರದ ಕಾಲು ಅವನ ಹತ್ತಿರಕ್ಕೆ ಇಟ್ಟು, ತಲೆಯನ್ನು ಹೊರಗಿಟ್ಟು ಹೆಗಲಿನಿಂದ ಹಿಡಿಯಲು ಕಲಿಸಿದೆ. ಅಂಚಿನ ಗೆರೆಯೂ ನಮ್ಮ ಕಡೆಯ ಆಟಗಾರನೇ. ಒಳಬದಿಯನ್ನು ಮುಚ್ಚಿ ಅವನನ್ನು ಅತ್ತ ತಳ್ಳಿದರೆ ಅರ್ಧ ಕೆಲಸ ಮುಗಿದಂತೆ.

ಸ್ಪ್ರೆಡ್ ತಂಡಗಳು ಒಟ್ಟುಗೂಡಿ ಮಾತಾಡದೆ ಆಟದ ಮೇಲೆ ಆಟ ಆಡುವುದರಿಂದ ನಮ್ಮ ಸೂಚನೆಗಳೂ ಒಂದೇ ಪದದಲ್ಲಿರಬೇಕಾಯಿತು. ನಾನು ನನ್ನ ಸೀಮೆಯ ಊರುಗಳ ಹೆಸರಿಟ್ಟೆ. ಕ್ವಾರ್ಟರ್ಸ್‌ಗೆ "ಹಾಸನ", ಒಂದೇ ಬದಿಯಲ್ಲಿ ಮೂವರು ನಿಂತಾಗಿನ ಹೊಂದಾಣಿಕೆಗೆ "ಬೇಲೂರು". ಎದುರಾಳಿಗೆ ಅರ್ಥವಾಗುವ ಭಯವಿಲ್ಲ, ಹುಡುಗರಿಗೆ ಕೂಗಲೂ ಸುಲಭ.

ಬೇಲೂರನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಕ್ವಾರ್ಟರ್ಸ್ ಆಡುವವರು ಹೆಚ್ಚಾಗಿ ಮುರಿಯುವುದು ಇಲ್ಲಿಯೇ. ಮೂವರು ಒಂದು ಬದಿಗೆ ನಿಂತಾಗ ಅತಿ ಒಳಗಿನ ಮೂರನೆಯವನು ನೇರ ಓಡಿದರೆ ಆ ಬದಿಯಲ್ಲಿ ಅವನಿಗೆ ಯಾರೂ ಉಳಿದಿರುವುದಿಲ್ಲ. ನಾವು ಎದುರು ಬದಿಯ ಸೇಫ್ಟಿಯ ಕಣ್ಣನ್ನು ಆ ಮೂರನೆಯವನ ಮೇಲೆ ಇಡಿಸುತ್ತೇವೆ. ಇದಕ್ಕೆ ಬೆಲೆ ತೆರಬೇಕು: ಈಚೆ ಬದಿಯಲ್ಲಿ ಒಂಟಿಯಾಗಿ ನಿಂತ ರಿಸೀವರ್‌ನ ಎದುರು ನಮ್ಮ ಕಾರ್ನರ್ ಕೂಡ ಒಂಟಿ. ಅಲ್ಲಿಯವರೆಗೆ ನಮ್ಮ ಕಾರ್ನರ್‌ಗಳಿಗೆ ಎಡ-ಬಲ ಎಂದು ಜಾಗ ಗೊತ್ತಿತ್ತು. ಅದನ್ನು ಬಿಟ್ಟು, ಎದುರಾಳಿಯ ಒಂಟಿ ರಿಸೀವರ್ ಎಲ್ಲಿ ನಿಲ್ಲುತ್ತಾನೋ ಅಲ್ಲಿಗೆ ನಮ್ಮ ಉತ್ತಮ ಕಾರ್ನರ್ ಹೋಗಬೇಕೆಂದು ಮಾಡಿದೆವು. ನಮ್ಮ ರಕ್ಷಣೆಗೆ ಟಾರ್ಪಾಲಿನ ನಂತರ ಅತಿ ಹೆಚ್ಚು ಲಾಭ ತಂದ ಬದಲಾವಣೆ ಇದು.

ಮರುವರ್ಷ ಅದೇ ತಂಡ ಮತ್ತೆ ಎದುರಾಯಿತು. ಮೂರನೆಯ ಡೌನ್, ಅಂದರೆ ನಾಲ್ಕು ಯತ್ನಗಳಲ್ಲಿ ಮೂರನೆಯದು, ಒಂಬತ್ತು ಗಜ ಬೇಕಿತ್ತು, ನಾಲ್ವರೂ ನೇರ ಓಡಿದರು. ಕ್ವಾರ್ಟರ್‌ಬ್ಯಾಕ್ ಎಡಕ್ಕೆ ನೋಡಿದ, ನಮ್ಮವರು ಯಾರೂ ಜರುಗಲಿಲ್ಲ. ಬಲಕ್ಕೆ ತಿರುಗಿದ, ಅಲ್ಲೂ ಜಾಗವಿರಲಿಲ್ಲ. ಚೆಂಡು ಅವನ ಕೈಯಲ್ಲೇ ಉಳಿಯಿತು, ನಮ್ಮ ನಾಲ್ವರು ಅವನನ್ನು ಮುಟ್ಟಿದರು. ಆ ಪಂದ್ಯವನ್ನೂ ನಾವು ಮೂರು ಅಂಕಗಳಿಂದ ಸೋತೆವು. ಐವರೂ ಹರಡಿ ನಿಂತು ಹಿಂದೆ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಉಳಿದ ರಚನೆಯಲ್ಲಿ ಅವನು ತಾನೇ ನಡುವೆ ಓಡಿ ನಮ್ಮನ್ನು ಎರಡು ಸಲ ಸೀಳಿದ್ದ. ಈಗ ಆ ರಚನೆ ಕಂಡಾಗ ಒಬ್ಬ ಲೈನ್‌ಬ್ಯಾಕರ್ ಹೊರಗೆ ಹೋಗುತ್ತಾನೆ, ಇನ್ನೊಬ್ಬ ಯಾವ ರಿಸೀವರ್‌ನ ಗೋಜಿಗೂ ಹೋಗದೆ ಚೆಂಡಿನಿಂದ ಐದು ಗಜದಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನೇ ನೋಡುತ್ತಾನೆ. ಇಡೀ ತಂಡದಲ್ಲಿ ಅವನನ್ನು ನೋಡುವ ಅನುಮತಿ ಇರುವುದು ಆ ಒಬ್ಬ ಹುಡುಗನಿಗೆ ಮಾತ್ರ.