ಮಣ್ಣಿನಿಂದ ಮೈಕ್ರೋಸಿಸ್ಟಿನ್ ಬಿಡಿಸಿ ಅಳೆಯುವುದು: ನನ್ನ ಅನುಭವ

ಪಾಚಿಗಟ್ಟಿದ ಕೆರೆಯ ನೀರು ಹಾಯಿಸಿದ ಹೊಲದ ಮಣ್ಣಿನಲ್ಲಿ ಮೈಕ್ರೋಸಿಸ್ಟಿನ್ (ನೀಲಿ-ಹಸಿರು ಪಾಚಿಯ ವಿಷ) ಹುಡುಕುವಾಗ ಮೊದಲ ತೊಡಕು ಮಣ್ಣೇ. ಈ ವಿಷದ ಕಾರ್ಬಾಕ್ಸಿಲ್ ಗುಂಪುಗಳು ಲೋಹದ ಅಯಾನುಗಳ ಮೂಲಕ ಜೇಡಿಗೆ ಅಂಟಿಕೊಳ್ಳುತ್ತವೆ. ಎರೆಮಣ್ಣಿಗೆ ಬರೀ ಮೆಥನಾಲ್ ಹಾಕಿ ಕುಲುಕಿದರೆ ಸಾಲದು.

ಮಾದರಿಯನ್ನು ತಂದ ದಿನವೇ ಮೈನಸ್ 20 ಡಿಗ್ರಿಯಲ್ಲಿಡುತ್ತೇನೆ. ಹೊರಗಿಟ್ಟರೆ ಮಣ್ಣಿನ ಬ್ಯಾಕ್ಟೀರಿಯಾಗಳು ವಿಷವನ್ನು ತಿಂದುಹಾಕುತ್ತವೆ. ಫ್ರೀಜ್ ಡ್ರೈಯರ್‌ನಲ್ಲಿ ಒಣಗಿಸಿ, 2 ಮಿಮೀ ಜರಡಿ ಹಿಡಿದು, 5 ಗ್ರಾಂ ತೂಗುತ್ತೇನೆ. ಅದಕ್ಕೆ 20 ಮಿಲಿ ದ್ರಾವಣ: ಇಡಿಟಿಎ ಮತ್ತು ಸೋಡಿಯಂ ಪೈರೋಫಾಸ್ಫೇಟ್, ಎರಡೂ 0.1 ಮೋಲಾರ್, ಪಿಎಚ್ 7. ಇಡಿಟಿಎ ಲೋಹವನ್ನು ಕಿತ್ತುಕೊಳ್ಳುತ್ತದೆ, ಪೈರೋಫಾಸ್ಫೇಟ್ ಜೇಡಿಯನ್ನು ಚದುರಿಸುತ್ತದೆ. 10 ನಿಮಿಷ ಸೋನಿಕೇಟರ್, ಆಮೇಲೆ ಸೆಂಟ್ರಿಫ್ಯೂಜ್. ಹೀಗೆ ಮೂರು ಸಲ ಮಾಡಿ ತಿಳಿಯನ್ನೆಲ್ಲ ಒಟ್ಟುಗೂಡಿಸುತ್ತೇನೆ.

ಅದು ಚಹಾ ಡಿಕಾಕ್ಷನ್‌ನಂತೆ ಕಂದಾಗಿರುತ್ತದೆ. ಟ್ರೈಫ್ಲೋರೋಅಸಿಟಿಕ್ ಆಮ್ಲದಿಂದ ಪಿಎಚ್ 3ಕ್ಕೆ ಇಳಿಸಿದರೆ ಹ್ಯೂಮಿಕ್ ಆಮ್ಲದ (ಮಣ್ಣಿನ ಕೊಳೆತ ಸಾವಯವದ ಕಂದು ವಸ್ತು) ಒಂದಷ್ಟು ಭಾಗ ಗಷ್ಟಾಗಿ ಕೂರುತ್ತದೆ. ಅದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯದೆ ಮುಂದುವರಿದರೆ 500 ಮಿಗ್ರಾಂ ಸಿ18 ಕಾರ್ಟ್ರಿಜ್ (ವಿಷವನ್ನು ಹಿಡಿದಿಡುವ ಪುಡಿ ತುಂಬಿದ ಕೊಳವೆ) ಅರ್ಧದಲ್ಲೇ ಕಟ್ಟಿಕೊಳ್ಳುತ್ತದೆ. ಕಾರ್ಟ್ರಿಜ್‌ಗೆ ಮೊದಲು ಮೆಥನಾಲ್, ನಂತರ ನೀರು. ಮಾದರಿಯನ್ನು ಹನಿಹನಿಯಾಗಿ ಇಳಿಸಿ, 20% ಮೆಥನಾಲ್‌ನಲ್ಲಿ ತೊಳೆದು, 0.1% ಆಮ್ಲ ಬೆರೆತ 90% ಮೆಥನಾಲ್‌ನಲ್ಲಿ ವಿಷ ಇಳಿಸುತ್ತೇನೆ. ನೈಟ್ರೋಜನ್ ಹಾಯಿಸಿ ಆರಿಸಿ, 0.5 ಮಿಲಿ 50% ಮೆಥನಾಲ್‌ನಲ್ಲಿ ಕರಗಿಸುತ್ತೇನೆ. ಇಲ್ಲಿ ಗಾಜಿನ ವಯಲ್ಲೇ ಬೇಕು. ನೀರಿನಂಶ ಹೆಚ್ಚಿದ್ದರೆ ಪಾಲಿಪ್ರೊಪಿಲೀನ್‌ಗೆ ವಿಷ ಅಂಟುತ್ತದೆ.

ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) 238 ನ್ಯಾನೋಮೀಟರ್ ತರಂಗಾಂತರದಲ್ಲಿ ನೋಡುತ್ತೇನೆ. ಹ್ಯೂಮಿಕ್ ಉಳಿಕೆಯೂ ಅಲ್ಲೇ ಬೆಳಕು ಹೀರುವುದರಿಂದ ಪೀಕ್ ಬಂದ ಸಮಯವೊಂದನ್ನೇ ನಂಬುವುದಿಲ್ಲ; ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಎಲ್‌ಆರ್ ಎಂಬ ಮೈಕ್ರೋಸಿಸ್ಟಿನ್ ಬಗೆಯಾದರೆ ಅಯಾನಿನ ರಾಶಿ (m/z) 995.6, ಅದರ ತುಣುಕು 135 ಎರಡೂ ಕಾಣಬೇಕು. ಎಲೈಸಾ ಕಿಟ್ (ಪ್ರತಿಕಾಯದಿಂದ ವಿಷ ಗುರುತಿಸುವ ಪರೀಕ್ಷೆ) ಬಳಸುವುದಾದರೆ ಮೆಥನಾಲ್ 5% ಮೀರದಂತೆ ತೆಳುಮಾಡಿ, ಎರಡು ಬೇರೆ ತೆಳುವಿನಲ್ಲಿ ಓದಿ. ಲೆಕ್ಕ ಹಾಕಿದ ಮೇಲೆ ಎರಡೂ ತಾಳೆಯಾಗದಿದ್ದರೆ ಮಣ್ಣಿನ ಕೊಳೆ ಅಡ್ಡಬರುತ್ತಿದೆ ಎಂದೇ ತಿಳಿಯಿರಿ.

ಹೆಚ್ಚಿನವರು ಎಡವುವುದು ರಿಕವರಿಯಲ್ಲಿ, ಅಂದರೆ ಬೆರೆಸಿದ ವಿಷದಲ್ಲಿ ಎಷ್ಟು ಪಾಲು ಮರಳಿ ಸಿಕ್ಕಿತು ಎಂಬ ಲೆಕ್ಕದಲ್ಲಿ. ಗೊತ್ತಿದ್ದಷ್ಟು ವಿಷ ಬೆರೆಸಿದ ತಕ್ಷಣವೇ ಬಿಡಿಸಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಅದು ಮಣ್ಣಿಗಿನ್ನೂ ಅಂಟಿರುವುದಿಲ್ಲ. ವಿಷವಿಲ್ಲದ ಅದೇ ಹೊಲದ 5 ಗ್ರಾಂ ಮಣ್ಣಿಗೆ 500 ನ್ಯಾನೋಗ್ರಾಂ ಹಾಕಿ, ತೇವ ಮಾಡಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಆಮೇಲೆ ಬಿಡಿಸಬೇಕು. ಇನ್ನು ಹೊಲದ ಮಾದರಿಯ ವಯಲ್‌ನಲ್ಲಿ ಮಿಲಿಗೆ 200 ನ್ಯಾನೋಗ್ರಾಂ ಸಿಕ್ಕರೆ 0.5 ಮಿಲಿಗೆ 100, ಅಂದರೆ ಗ್ರಾಂ ಒಣಮಣ್ಣಿಗೆ 20. ರಿಕವರಿ 60% ಇದ್ದರೆ ಅದನ್ನು ಸರಿದೂಗಿಸಿದಾಗ 33 ಆಗುತ್ತದೆ. ವರದಿಯಲ್ಲಿ ಎರಡೂ ಅಂಕಿ ಬರೆಯುತ್ತೇನೆ.