ಲಿಫ್ಟಿನ ಕರೆಂಟು ಟೆರೇಸಿನಿಂದ

ಮಂಗಳೂರಿನಲ್ಲಿ ಮನೆಗೆ ಸೋಲಾರ್ ಹಾಕಿಸಿ ಅಂತ ಹೇಳುವುದು ಈಗ ಸುಲಭವಲ್ಲ. 2023ರಲ್ಲಿ ರಾಜ್ಯದ ಗೃಹಜ್ಯೋತಿ ಬಂತು. ತಿಂಗಳ ಬಳಕೆ ಹಳೆಯ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟರ ಒಳಗೆ, 200 ಯೂನಿಟ್ ಮೀರದೆ ಇದ್ದರೆ ಬಿಲ್ ಇಲ್ಲ. ಮರುವರ್ಷ ಕೇಂದ್ರದ ಸೂರ್ಯಘರ್ ಯೋಜನೆ ಬಂತು. ಮನೆಯ ಮೇಲೆ 3 ಕಿಲೋವ್ಯಾಟ್ ಹಾಕಿದರೆ 78,000 ರೂಪಾಯಿ ಸಬ್ಸಿಡಿ. ಒಬ್ಬರು ಕರೆಂಟು ಸುಮ್ನೆ ಕೊಡ್ತಾರೆ, ಇನ್ನೊಬ್ಬರು ನೀವೇ ತಯಾರಿಸಿ ಅಂತಾರೆ. ಜನ ಯಾವುದನ್ನು ಹಿಡೀತಾರೆ ಅಂತ ಬೇರೆ ಹೇಳಬೇಕಾ?

ಬಿಜೈಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 36 ಮನೆ. ನಾನು ಸಂಘದ ಕಾರ್ಯದರ್ಶಿ. ಮೀಟಿಂಗಿನಲ್ಲಿ ವಿಷಯ ಎತ್ತಿದಾಗ ಹಿರಿಯರೊಬ್ಬರು, "ಸೆಕ್ರೆಟ್ರಿಯವರೇ, ನಮಗೆ ಬಿಲ್ಲೇ ಬರುವುದಿಲ್ಲ, ಸೋಲಾರ್ ಎಂತಕ್ಕೆ ಮಾರಾಯ್ರೆ?" ಅಂದರು. ಅವರ ಮಾತು ಸರಿಯೇ. ಆದರೆ ಲಿಫ್ಟು, ಪಂಪು, ಮೆಟ್ಟಿಲ ದೀಪ, ಗೇಟಿನ ದೀಪ ಎಲ್ಲ ಒಂದು ಸಾಮಾನ್ಯ ಮೀಟರಿನಲ್ಲಿ ಓಡುತ್ತವೆ. ಅದಕ್ಕೆ ಗೃಹಜ್ಯೋತಿ ಇಲ್ಲ. ಆ ಬಿಲ್ ಮೇಂಟೆನೆನ್ಸ್ ಹೆಸರಲ್ಲಿ ಪ್ರತಿ ತಿಂಗಳು ನಮ್ಮ ಕಿಸೆಯಿಂದಲೇ ಹೋಗುತ್ತದೆ. ಆ ಒಂದು ಮೀಟರಿಗೆ ಮಾತ್ರ ಹಾಕೋಣ ಅಂದೆ. ಸಂಘಗಳಿಗೂ ಅದೇ ಯೋಜನೆಯಲ್ಲಿ ಕಿಲೋವ್ಯಾಟಿಗೆ 18,000 ರೂಪಾಯಿ ಉಂಟು.

ಪ್ಯಾನೆಲ್ ಹುಡುಕುವುದಕ್ಕಿಂತ ಮೊದಲು ಕಾಗದ ನೋಡಬೇಕು. ನಮ್ಮ ಸಾಮಾನ್ಯ ಮೀಟರಿನ ಆರ್‌ಆರ್ ನಂಬರ್, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್, ಇನ್ನೂ ಕಟ್ಟಿಸಿದ ಬಿಲ್ಡರ್ ಹೆಸರಲ್ಲೇ ಇತ್ತು. ಅರ್ಜಿ ಯಾರ ಹೆಸರಲ್ಲಿದೆಯೋ ಮೀಟರೂ ಅವರ ಹೆಸರಲ್ಲೇ ಇರಬೇಕು, ಸಬ್ಸಿಡಿ ಬರುವ ಬ್ಯಾಂಕ್ ಖಾತೆಯೂ ಅವರದ್ದೇ. ಸಂಘದ ನೋಂದಣಿ ಪತ್ರ, ಮೀಟಿಂಗಿನ ನಿರ್ಣಯ, ಬಿಲ್ಡರಿನ ಒಪ್ಪಿಗೆ ಪತ್ರ. ಈ ಮೂರರಲ್ಲಿ ಕೊನೆಯದಕ್ಕೆ ಅಲೆದಷ್ಟು ಉಳಿದ ಯಾವ ಕೆಲಸಕ್ಕೂ ಅಲೆಯಲಿಲ್ಲ. ಫೋನು ಎತ್ತುವವರೇ ಇಲ್ಲ. ಹೆಸರು ಬದಲಾದ ಮೇಲೆ ಕೆಲಸ ಓಡಿತು.

ಅಳತೆಯನ್ನು 10 ಕಿಲೋವ್ಯಾಟ್ ಒಳಗೇ ಇಟ್ಟೆವು. ಅದಕ್ಕೊಂದು ಕಾರಣ ಉಂಟು. 2024ರಲ್ಲಿ ತಿದ್ದಿದ ಕೇಂದ್ರದ ನಿಯಮದ ಪ್ರಕಾರ ಅಲ್ಲಿಯವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. 550 ವ್ಯಾಟಿನ 18 ಪ್ಯಾನೆಲ್, ಒಟ್ಟು 9.9 ಕಿಲೋವ್ಯಾಟ್. ಖರ್ಚು ಆರು ಲಕ್ಷದ ಹತ್ತಿರ ಬಂತು. ಕೆಲವರು ತುಂಬಾ ಕಡಿಮೆಗೆ ಕೊಟೇಶನ್ ಕೊಟ್ಟರು. ನೋಡಿದರೆ ಅದು ಹೊರದೇಶದ ಸೆಲ್‌ಗಳ ಪ್ಯಾನೆಲ್. ಸಬ್ಸಿಡಿ ಬೇಕಾದರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾಗಿರಬೇಕು, ಡಿಸಿಆರ್ ಅಂತಾರೆ. ಕೊಟೇಶನ್‌ನಲ್ಲಿ ಆ ಮೂರಕ್ಷರ ಇದೆಯಾ ನೋಡಿ. ಇನ್ನೊಂದು, ಸಬ್ಸಿಡಿ ಬರುವುದು ಎಲ್ಲ ಮುಗಿದ ಮೇಲೆ. ಮೊದಲು ಪೂರ್ತಿ ದುಡ್ಡು ಸಂಘವೇ ಹೊಂದಿಸಬೇಕು. ನಾವು ರಿಪೇರಿ ಫಂಡಿನಿಂದ ತೆಗೆದೆವು.

ಕಡಲ ಬದಿಯ ಊರಿಗೆ ಬೇರೆಯೇ ಲೆಕ್ಕ. ಇಲ್ಲಿನ ಉಪ್ಪುಗಾಳಿಗೆ ಕಬ್ಬಿಣ ಬದುಕುವುದಿಲ್ಲ. ಸ್ಟ್ಯಾಂಡಿಗೆ ಸತುವಿನ ಲೇಪ ಕೊಟ್ಟಿದ್ದರೂ ಟೆರೇಸಿನಲ್ಲಿ ಕೂತು ವೆಲ್ಡಿಂಗ್ ಮಾಡಿದರೆ ಆ ಜಾಗದ ಲೇಪ ಸುಟ್ಟುಹೋಗುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಮೇಲೆ ವೆಲ್ಡಿಂಗ್ ಬೇಡವೇ ಬೇಡ, ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿನಲ್ಲೇ ಕೂರಿಸಿ ಅಂತ ಹಟ ಹಿಡಿದೆ. ಕೆಲಸದ ಹುಡುಗರು ಗೊಣಗಿದರು, ಆದರೆ ಮಾಡಿದರು.

ಅರ್ಥಿಂಗ್ ಕೂಡ ಹಾಗೇ. ನಮ್ಮ ಅಡಿಯಲ್ಲಿರುವುದು ಮುರಕಲ್ಲು. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ, ಕರೆಂಟು ನೆಲಕ್ಕಿಳಿಯುವುದು ಕಷ್ಟ. ಸಿಡಿಲು ಬರುವುದೂ ಆಗಲೇ. ಸಿಡಿಲಿನದ್ದು, ಪ್ಯಾನೆಲಿನದ್ದು, ಎಸಿ ಕರೆಂಟಿನ ಲೈನಿನದ್ದು ಅಂತ ಮೂರು ಗುಂಡಿ ಬೇರೆ ಬೇರೆ ತೋಡಿಸಿ, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಪುಡಿ ತುಂಬಿಸಿ, ಮೀಟರ್ ಇಟ್ಟು ಅಳೆಸಿದೆವು. ನೆಲದ ತಡೆ 5 ಓಮ್‌ಗಿಂತ ಕಡಿಮೆ ಬಂದ ಮೇಲೆಯೇ ಕೆಲಸದವರ ಬಿಲ್ ಪಾಸ್. ಬೇಸಿಗೆಯಲ್ಲಿ ವಾಚ್‌ಮನ್ ಆ ಗುಂಡಿಗಳಿಗೆ ನೀರು ಹೊಯ್ಯುತ್ತಾರೆ.

ವರ್ಷದ ಸರಾಸರಿ ಹಿಡಿದರೆ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಅಂದಾಜು. ಜೂನ್, ಜುಲೈ ಮಳೆಗೆ ಅದರ ಅರ್ಧ ಸಿಕ್ಕರೂ ಪುಣ್ಯ. ಬಿಲ್ ಸೊನ್ನೆ ಆಗುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ಫಿಕ್ಸೆಡ್ ಚಾರ್ಜ್ ಹೇಗೂ ಬರುತ್ತದೆ. ಬಳಸಿ ಉಳಿದದ್ದನ್ನು ನಮ್ಮ ಕರೆಂಟು ಕಂಪನಿ ಮೆಸ್ಕಾಂಗೆ ಕೊಟ್ಟರೆ ಸಿಗುವ ದರ, ನಾವು ಕೊಂಡುಕೊಳ್ಳುವ ದರಕ್ಕಿಂತ ಕಡಿಮೆ. ಹಾಗಾಗಿ ನಮ್ಮ ಬಳಕೆಗಿಂತ ಜಾಸ್ತಿ ಹಾಕಿ ಪ್ರಯೋಜನ ಇಲ್ಲ.

ಜಾಸ್ತಿ ಬೈಗುಳ ತಿಂದದ್ದು ಕರೆಂಟು ಹೋದಾಗ. "ಇಷ್ಟು ಬಿಸಿಲುಂಟು, ಲಿಫ್ಟು ನಿಂತಿದೆಯಲ್ಲ?" ಪ್ಯಾನೆಲಿನ ಡಿಸಿ ಕರೆಂಟನ್ನು ಎಸಿ ಮಾಡುವ ನಮ್ಮ ಇನ್‌ವರ್ಟರಿಗೆ ಬ್ಯಾಟರಿ ಇಲ್ಲ. ಮೆಸ್ಕಾಂ ಲೈನಿನಲ್ಲಿ ಕರೆಂಟು ಇಲ್ಲದಾಗ ಅದೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಇದನ್ನು ಬರೆದು ಲಿಫ್ಟಿನೊಳಗೆ ಅಂಟಿಸಿದ ಮೇಲೆ ಫೋನ್ ಕಡಿಮೆಯಾಯಿತು. ಜನರೇಟರ್ ಈಗಲೂ ಬೇಕು.

ಈಗ ಇಬ್ಬರು ಸ್ವಂತ ಮನೆಗೂ ಹಾಕಿಸಬೇಕು ಅನ್ನುತ್ತಿದ್ದಾರೆ. ಅವರ ಬಳಕೆ 200 ಯೂನಿಟ್ ದಾಟುತ್ತದೆ. ಸಂಘದ ಮಿತಿ ಮನೆಗೆ 3 ಕಿಲೋವ್ಯಾಟ್, ಸ್ವಂತದ್ದೂ ಅದರಲ್ಲೇ ಸೇರುತ್ತದೆ. ನಿಯಮದಲ್ಲಿ ಜಾಗ ಧಾರಾಳ ಉಂಟು. ಟೆರೇಸಿನಲ್ಲಿ ಮಾತ್ರ ಉತ್ತರದ ಬದಿಯಷ್ಟೇ ಖಾಲಿ. ಅಲ್ಲಿ ಬೇಸಿಗೆಯಿಡೀ ಹಲಸಿನ ಹಪ್ಪಳ ಒಣಗುತ್ತದೆ. ಆ ಜಾಗ ಕೇಳುವ ಕೆಲಸವನ್ನು ಮುಂದಿನ ಕಾರ್ಯದರ್ಶಿಗೆ ಬಿಟ್ಟಿದ್ದೇನೆ.