ಕೆರೆ ಮೀನಿಗೆ ನಿಂಫ್ ಕಟ್ಟಲು ಯಾವ ಹುಕ್ಕು: ನನ್ನ ಅನುಭವ

ಜಿಲೇಬಿ, ಗೆಂಡೆಗೆ ನಿಂಫ್ (ನೀರೊಳಗಿನ ಹುಳುಮರಿಯ ಹಾಗೆ ಕಾಣಲು ಹುಕ್ಕಿಗೆ ಗರಿ, ದಾರ ಸುತ್ತಿ ಮಾಡುವ ಫ್ಲೈ, ಅಂದರೆ ನಕಲಿ ಹುಳು) ಕಟ್ಟುತ್ತೇನೆ ಅಂದಾಗ ತುಮಕೂರಿನ ಗಾಳದವರು ಯಾರೂ ಒಪ್ಪಿರಲಿಲ್ಲ. ಎರೆಹುಳು, ಹಿಟ್ಟಿನುಂಡೆ ಬಿಟ್ಟರೆ ಇಲ್ಲಿನ ಮೀನು ಬೇರೆ ಏನಕ್ಕೂ ಬಾಯಿ ಹಾಕಲ್ಲ ಅನ್ನೋದು ಅವರ ವಾದ. ಈಗ ಅವರಲ್ಲೇ ಕೆಲವರು ನನ್ನ ಡಬ್ಬಿಯಿಂದ ಫ್ಲೈ ಕೇಳಿ ತಗೊಂಡು ಹೋಗುತ್ತಾರೆ. ಗರಿ, ಬಣ್ಣ, ಕಟ್ಟುವ ಕ್ರಮ ಎಲ್ಲ ಮೊದಲಿನದೇ. ಹುಕ್ಕು ಮಾತ್ರ ಬದಲಾಯಿಸಿದ್ದೇನೆ.

ಟ್ರೌಟ್ ಹೊಳೆಗಳವರು ಇವತ್ತು ಜಿಗ್ ಹುಕ್ಕು (ದಾರ ಕಟ್ಟುವ ಕಣ್ಣಿನ ಹತ್ತಿರ ಬಾಗಿರುವುದು), ಅದಕ್ಕೊಂದು ಸೀಳಿರುವ ಟಂಗ್‌ಸ್ಟನ್ ಬೀಡ್ (ತೂಕಕ್ಕೆ ಹಾಕುವ ಲೋಹದ ಮಣಿ) ಅನ್ನುತ್ತಾರೆ. ಓಡುವ ನೀರಿಗೆ ಅದು ಸರಿ, ಪ್ರವಾಹ ಎಳೆದುಕೊಂಡು ಹೋಗುವ ಮೊದಲೇ ಫ್ಲೈ ತಳ ಮುಟ್ಟಬೇಕು. ನಿಂತ ನೀರಿನ ನಮ್ಮ ಕೆರೆಯಲ್ಲಿ ಅದೇ ತೂಕ ತೊಂದರೆ ಕೊಡುತ್ತದೆ. ನಾಲ್ಕೈದು ಅಡಿ ನೀರಿನಲ್ಲಿ 3.3 ಮಿ.ಮೀ. ಟಂಗ್‌ಸ್ಟನ್ ಬೀಡ್ ತಲೆ ಕೆಳಗಾಗಿ ಇಳಿದು ಗೋಡಿನಲ್ಲಿ ಹೂತುಕೊಳ್ಳುತ್ತದೆ. ಮೀನಿಗೆ ಕಾಣುವುದೇ ಇಲ್ಲ. ಎಳೆದರೆ ಮೊನೆಗೆ ಪಾಚಿ ಸುತ್ತಿಕೊಂಡು ಬರುತ್ತದೆ. ಮುಳುಗಿರುವ ಬಳ್ಳಾರಿ ಜಾಲಿಯ ಬುಡಕ್ಕೆ ಸಿಕ್ಕಿಕೊಂಡರೆ ಹುಕ್ಕು, ಬೀಡ್ ಎರಡೂ ಹೋದಹಾಗೆ, ಸುಮಾರು 45 ರೂಪಾಯಿ.

ಅದಕ್ಕೇ ನಾನು ತೂಕವನ್ನು ಟಂಗ್‌ಸ್ಟನ್ ಬೀಡಿನಲ್ಲಿ ಇಡದೆ ಹುಕ್ಕಿನ ತಂತಿಯಲ್ಲೇ ಇಡುತ್ತೇನೆ. ಗಿಡ್ಡ ಶ್ಯಾಂಕ್ (ಹುಕ್ಕಿನ ಉದ್ದನೆಯ ಕಡ್ಡಿ), ಬಾಗಿದ ಬೆಂಡ್ (ಹಿಂದಿನ ಬಾಗು), ಅಗಲ ಬಾಯಿ (ಮೊನೆಗೂ ಶ್ಯಾಂಕಿಗೂ ನಡುವಿನ ತೆರವು), 2ಎಕ್ಸ್ ಹೆವಿ, ಅಂದರೆ ಮಾಮೂಲಿಗಿಂತ ಎರಡು ಅಳತೆ ದಪ್ಪದ ತಂತಿ. ಟೀಮ್ಕೋ ಕಂಪನಿಯ 2457 ಈ ಜಾತಿಯದು. ಅದೇ ಆಕಾರದ 2487 ತೆಳು ತಂತಿಯದು, ಅಂಗಡಿಯವರು ಎರಡೂ ಒಂದೇ ಅಂತ ಕೊಟ್ಟರೆ ತಗೋಬೇಡಿ. ಗೆಂಡೆ ಜಾಲಿಯ ಕಡೆಗೆ ತಿರುಗಿ ಎಳೆದಾಗ ತೆಳು ತಂತಿ ಬಾಯಿ ಬಿಚ್ಚಿಕೊಳ್ಳುತ್ತದೆ. ಸೈಜು ಜಿಲೇಬಿಗೆ 14, ಗೆಂಡೆಗೆ 12 (ನಂಬರ್ ಹೆಚ್ಚಾದಷ್ಟೂ ಹುಕ್ಕು ಚಿಕ್ಕದು). ರೋಹು ಅಪರೂಪಕ್ಕೆ 14ಕ್ಕೆ ಬರುತ್ತದೆ. ಕಾಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು, ಅದಕ್ಕೆ ನಿಂಫ್ ಕಟ್ಟುವುದು ದಂಡ.

ಪೊಟ್ಟಣದ ಮೇಲಿನ ನಂಬರ್ ನಂಬಬೇಡಿ. ಇಬ್ಬರು ತಯಾರಕರ 14ನ್ನು ವರ್ನಿಯರ್‌ನಲ್ಲಿ ಅಳೆದರೆ ಬಾಯಿಯಗಲದಲ್ಲಿ ಹೆಚ್ಚುಕಡಿಮೆ ಒಂದು ಮಿ.ಮೀ. ವ್ಯತ್ಯಾಸ ಸಿಗುತ್ತದೆ. ಇಷ್ಟು ಚಿಕ್ಕ ಹುಕ್ಕಿನಲ್ಲಿ ಒಂದು ಮಿ.ಮೀ. ಅಂದರೆ ಮೀನು ಹಿಡಿಯುವುದಕ್ಕೂ ಬಿಡುವುದಕ್ಕೂ ಇರುವ ಅಂತರ. ಬೀಡ್ ಕೂರಿಸಿ, ಮೈ ಸುತ್ತಿ ಮುಗಿಸಿದ ಮೇಲೆ ಮೂಲ ಬಾಯಿಯ ಮೂರರಲ್ಲಿ ಎರಡು ಪಾಲು ಖಾಲಿ ಉಳಿಯಬೇಕು. ಉಳಿಯದಿದ್ದರೆ ಕೆಳಭಾಗದ ಡಬ್ಬಿಂಗ್ (ಮೈಗೆ ಸುತ್ತಿದ ನಾರು) ಕತ್ತರಿಸಿ. ಆಗಲೂ ಸಾಲದಿದ್ದರೆ ಬೀಡ್ ಒಂದು ಸೈಜು ಇಳಿಸಿ: 14ಕ್ಕೆ 2.5ರ ಹಿತ್ತಾಳೆ ಬೀಡ್ ಸಾಕು.

ಹೆಲಿಕಾಪ್ಟರ್ ಚಿಟ್ಟೆಯ ಮರಿ ಅನುಕರಿಸಲು ಎಲ್ಲರೂ 2ಎಕ್ಸ್, 3ಎಕ್ಸ್ ಲಾಂಗ್ ಹುಕ್ಕು ಹಿಡಿಯುತ್ತಾರೆ. ನೋಡಲು ಚೆಂದ. ಆದರೆ ಜಿಲೇಬಿ ಬಾಯಿಗೆ ಬಿದ್ದೊಡನೆ ತಲೆ ಕೊಡವುತ್ತದೆ, ಉದ್ದ ಶ್ಯಾಂಕ್ ಸನ್ನೆಯ ಹಾಗೆ ವರ್ತಿಸಿ ಮೊನೆ ಕೂತ ತೂತನ್ನು ಅಗಲ ಮಾಡುತ್ತದೆ, ದಡದ ಹತ್ತಿರ ಬರುವಷ್ಟರಲ್ಲಿ ಮೀನು ಕಳಚಿಕೊಳ್ಳುತ್ತದೆ. ಅದನ್ನೂ ಗಿಡ್ಡ ಶ್ಯಾಂಕಿನ 10ರಲ್ಲಿ ದಪ್ಪವಾಗಿ ಕಟ್ಟಿ. ಬಾಲ ಹುಕ್ಕಿನ ಬಾಯಿಯಗಲಕ್ಕಿಂತ ಉದ್ದ ಬೇಡ, ಇಲ್ಲದಿದ್ದರೆ ಜಿಲೇಬಿ ಬಾಲ ಮಾತ್ರ ಕಿತ್ತು ಬಿಡುತ್ತದೆ.

ಕಟ್ಟುವ ಮೊದಲು ಪ್ರತಿ ಹುಕ್ಕನ್ನೂ ಪರೀಕ್ಷೆ ಮಾಡುತ್ತೇನೆ. ವೈಸಿಗೆ (ಕಟ್ಟುವಾಗ ಹುಕ್ಕು ಹಿಡಿದಿಡುವ ಸಾಧನ) ಬೆಂಡ್ ಕಚ್ಚಿಸಿ, ಕಣ್ಣಿನ ಹತ್ತಿರ ಬೆರಳಿನಿಂದ ಕೆಳಗೆ ಒತ್ತಿ ಬಿಟ್ಟರೆ ಟಣ್ ಎಂದು ಮೊದಲಿನ ಜಾಗಕ್ಕೆ ಬರಬೇಕು. ಬಾಗಿಯೇ ಉಳಿದರೆ ಹದ ಕಮ್ಮಿ, ಮುರಿದರೆ ಹದ ಜಾಸ್ತಿ, ಎರಡೂ ಕಸಕ್ಕೆ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿಟ್ಟು ಮೆಲ್ಲಗೆ ಎಳೆದಾಗ ಕಚ್ಚಿ ನಿಲ್ಲಬೇಕು, ಜಾರಿದರೆ ಸಣ್ಣ ಅರದಿಂದ ಉಜ್ಜಬೇಕು. ಗೆಂಡೆ ಬಾಯಿ ಮುಂದೆ ಚಾಚಿ ಹೀರಿ, ಅನುಮಾನ ಬಂದರೆ ಅಷ್ಟೇ ಬೇಗ ಉಗುಳುತ್ತದೆ. ಮೊನೆ ತಾನಾಗಿ ಕಚ್ಚದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಬಾರ್ಬ್ (ಮೊನೆಯ ಹಿಂದಿನ ಮುಳ್ಳು) ಒತ್ತುವುದನ್ನೂ ಈ ಹಂತದಲ್ಲೇ ಮುಗಿಸಿ. ಚಪ್ಪಟೆ ಇಕ್ಕಳವನ್ನು ಅಡ್ಡ ಹಿಡಿಯದೆ ಮೊನೆಯ ನೇರಕ್ಕೆ ಮುಂದಿನಿಂದ ಹಿಡಿದು ಒತ್ತಿದರೆ ಮೊನೆ ಮುರಿಯುವುದು ಕಮ್ಮಿ. ಮುರಿದರೂ ಖಾಲಿ ಹುಕ್ಕಷ್ಟೇ ನಷ್ಟ, ಕಟ್ಟಿದ ಕೆಲಸ ಉಳಿಯುತ್ತದೆ.

ದುಡ್ಡಿನ ಲೆಕ್ಕ: ಹೆಸರಿರುವ ಕಂಪನಿಯ 25ರ ಪೊಟ್ಟಣ 500–600 ರೂಪಾಯಿ. ಹೆಸರಿಲ್ಲದ 100ರ ಪೊಟ್ಟಣ 200ರ ಆಸುಪಾಸು. ಅಗ್ಗದ್ದರಲ್ಲಿ ಮೇಲಿನ ಎರಡು ಪರೀಕ್ಷೆ ದಾಟುವುದು ಅರ್ಧ. ಅರ್ಧ ಎಸೆದರೂ ಅಗ್ಗ ಎನ್ನುವುದು ನಿಜ, ಆದರೆ ದಾಟಿದವುಗಳಲ್ಲೂ ಕಣ್ಣು ಪೂರ್ತಿ ಮುಚ್ಚಿಲ್ಲದವು ಇರುತ್ತವೆ. ಆ ಸಂದಿನ ಅಂಚು ಟಿಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಕೊಯ್ಯುತ್ತದೆ. ಜಿಲೇಬಿಗೆ ಅಗ್ಗದ್ದು ನಡೆಯುತ್ತದೆ. ಗೆಂಡೆಗೆ ಬೇಡ.

ತೂಕ ಸ್ವಲ್ಪ ಹೆಚ್ಚು ಬೇಕಾದಾಗ ಮೋಟಾರ್ ವೈಂಡಿಂಗ್ ಅಂಗಡಿಯ ಉಳಿಕೆ ತಾಮ್ರದ ತಂತಿ. ಬೋರ್‌ವೆಲ್ ಇರುವ ನಮ್ಮ ಜಿಲ್ಲೆಗಳಲ್ಲಿ ಇಂಥ ಅಂಗಡಿ ಇಲ್ಲದ ಊರಿಲ್ಲ, ಕೇಳಿದರೆ ಒಂದು ಹಿಡಿ ಕೊಡುತ್ತಾರೆ. 28 ಗೇಜಿನದು ಶ್ಯಾಂಕಿಗೆ ಸುತ್ತಲು, ಅಂಗಡಿಯ 0.015 ಇಂಚಿನ ಸೀಸದ ತಂತಿಯಷ್ಟೇ ದಪ್ಪ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಆರು ಸುತ್ತಿನ ಜಾಗದಲ್ಲಿ ಎಂಟು. ಫ್ಯಾನ್ ವೈಂಡಿಂಗಿನ 36 ಗೇಜಿನದು ಮೈಮೇಲಿನ ಪಟ್ಟೆಗೆ. ಇನಾಮೆಲ್ ಲೇಪ ಇರುವುದರಿಂದ ಕಪ್ಪಾಗುವುದಿಲ್ಲ.

ಶಿಡ್ಲಘಟ್ಟದ ಕಚ್ಚಾ ರೇಷ್ಮೆಯನ್ನು ದಾರವಾಗಿಯೂ ಪ್ರಯತ್ನಿಸಿ ನೋಡಿದೆ. 20/22 ಡೆನಿಯರ್‌ನ (ದಾರದ ದಪ್ಪದ ಅಳತೆ) ಮೂರ್ನಾಲ್ಕು ಎಳೆ ಹುರಿ ಮಾಡಿದರೆ ಫ್ಲೈ ಕಟ್ಟಲು ನಾವು ಬಳಸುವ 70 ಡೆನಿಯರ್ ದಾರದ ಆಸುಪಾಸಿಗೆ ಬರುತ್ತದೆ. ಅಂಟು ಹಾಗೇ ಇದ್ದರೆ ಗರಗರ ಅನ್ನುತ್ತದೆ, ಹುಕ್ಕಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. ಸೋಪು ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ಕೂರುತ್ತದೆ. ನೀರು ತಾಗಿದೊಡನೆ ಬಣ್ಣ ಗಾಢವಾಗುತ್ತದೆ, ಹಾಗಾಗಿ ಎರಡು ಛಾಯೆ ತಿಳಿಯಾದದ್ದನ್ನು ಆರಿಸಬೇಕು. ರೀಲಿಂಗಿನಲ್ಲಿ ಉಳಿಯುವ ಕಸದ ರೇಷ್ಮೆ ಡಬ್ಬಿಂಗಿಗೆ ಬಹಳ ಒಳ್ಳೆಯದು. ಅದಕ್ಕೆ ನಾನು ಏನು ಬೆರೆಸುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಜಿಗ್ ಹುಕ್ಕು ಪೂರ್ತಿ ಬಿಟ್ಟಿಲ್ಲ. ಮಳೆಗಾಲ ಕಳೆದು ಕೆರೆ ಕೋಡಿ ಬಿದ್ದಾಗ ಕೋಡಿಯ ಕೆಳಗೆ, ತೂಬಿನ ಬಾಯಲ್ಲಿ ನೀರು ಓಡುತ್ತದೆ, ತಳದಲ್ಲಿ ಕಲ್ಲಿರುತ್ತದೆ. ಅಲ್ಲಿ ಮೊನೆ ಮೇಲ್ಮುಖವಾಗಿ ಸಾಗುವ 14ರ ಜಿಗ್, 2.8ರ ಟಂಗ್‌ಸ್ಟನ್ ಬೀಡ್. ಗಂಟನ್ನು ಕಣ್ಣಿನ ಮೇಲ್ತುದಿಗೆ ಸರಿಸಿಡಿ, ಫ್ಲೈ ಅಡ್ಡಡ್ಡ ತೂಗಬೇಕು. ಎರಡು ಮೀನು ಆದಮೇಲೆ ಗಂಟು ಜಾರಿರುತ್ತದೆ, ನೋಡಿಕೊಳ್ಳಿ. ದಪ್ಪ ತಂತಿಯ ಹುಕ್ಕು ಒಳಹೋಗಲು ಜೋರಾಗಿ ಎಳೆಯಬೇಕಾಗುತ್ತದೆ, ತೆಳುವಾದ 5ಎಕ್ಸ್ ಟಿಪೆಟ್ ಆ ಎಳೆತಕ್ಕೇ ತುಂಡಾಗುತ್ತದೆ. ಅದಕ್ಕಿಂತ ದಪ್ಪದ 3ಎಕ್ಸ್ ಹಾಕಿ. ಕಲಕಿದ ಕೆರೆ ನೀರಿನಲ್ಲಿ ಮೀನಿಗೆ ಆ ದಪ್ಪ ಕಾಣುವುದಿಲ್ಲ. ಕೆರೆ ಗುತ್ತಿಗೆ ಹಿಡಿದವರನ್ನು ಮೊದಲೇ ಕೇಳಿ, ಬಾರ್ಬ್ ಇಲ್ಲದ ಹುಕ್ಕು ತೋರಿಸಿ, ಹಿಡಿದು ಬಿಡುತ್ತೇವೆ ಎಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.